ಬೆಂಗಳೂರು ಅರಮನೆ: ಒಬ್ಬ ಪಾದ್ರಿಯ ಮನೆಯ ವಾಸ್ತುಕಥನ

ಬೆಂಗಳೂರು ಅರಮನೆಯು ನಗರದ ಉತ್ತರಭಾಗದಲ್ಲಿ, ವಸಂತನಗರ, ಸದಾಶಿವನಗರ, ಜಯಮಹಲ್ ಬಡಾವಣೆಗಳ ನಡುವೆ, ಹೆಬ್ಬಾಳ ಯಲಹಂಕಗಳ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಬಲಮಗ್ಗುಲಿಗೆ ಹರಡಿಕೊಂಡಿರುವ ವಿಸ್ತಾರವಾದ ಆವರಣದೊಳಗಣ ಒಂದು ಸೌಧ. ಜನರು ಇದನ್ನು ಅರಮನೆಯೆಂದು ಕರೆಯುವುದು ನ್ಯಾಯವಾಗಿಯೇ ಇದೆ. ಏಕೆಂದರೆ 1873ರಿಂದ ಇದು ಮೈಸೂರು ಒಡೆಯರ ಮನೆತನದ ಸ್ವತ್ತು. ಆದರೆ ಇದರ ಹುಟ್ಟು ಅರಮನೆಯಾಗಿ ಅಲ್ಲ. 1862ರಲ್ಲಿ ರೆವರೆಂಡ್ ಜಾನ್ ಗ್ಯಾರೆಟ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ವಾಸಕ್ಕೆಂದು ಕಟ್ಟಿಸಲಾರಂಭಿಸಿದ ಮನೆಯು ಹನ್ನೊಂದು ವರ್ಷಗಳ ತರುವಾಯ ಬಾಲಕನಾದ ಮಹಾರಾಜನೊಬ್ಬನ ಪರವಾಗಿ ಕ್ರಯಕ್ಕೆ ಪಡೆಯಲ್ಪಟ್ಟು, ಮುಂದಣ ಮೂರು ತಲೆಮಾರುಗಳ ದೊರೆಗಳ ಕೈಯಲ್ಲಿ ಬೆಳೆಯುತ್ತ ಬಂದು ಈಗಣ ಆಕಾರವನ್ನು ತಾಳಿತು. ಈ ಕಟ್ಟಡದ ವಾಸ್ತುಶಿಲ್ಪವನ್ನು ಅರಿಯಬೇಕಾದವರು ಮೊದಲು ರಾಜರನ್ನು ಬದಿಗಿಟ್ಟು, ಇಂಗ್ಲೆಂಡಿನ ಹಳ್ಳಿಗಾಡಿನ ಪಾದ್ರಿಯ ಮನೆಯೆಂಬುದು ಎಂಥದೆಂಬುದನ್ನು ತಿಳಿಯುವುದು ಉಚಿತ.

ಇಂಗ್ಲೆಂಡಿನಲ್ಲಿ ಒಂದೊಂದು ಚರ್ಚಿಗೂ ಸೇರಿದ ಊರಿನ ವ್ಯಾಪ್ತಿಯೊಂದು ಗೊತ್ತಾಗಿದ್ದು, ಆ ವ್ಯಾಪ್ತಿಯ ಪಾದ್ರಿಗೆ ವಾಸದ ಮನೆಯೂ ಉಂಬಳಿಯ ಹೊಲವೂ ಬೆಳೆಯಲ್ಲಿ ಹತ್ತನೆಯ ಒಂದು ಪಾಲೂ ಸಲ್ಲುತ್ತಿದ್ದುವು. ಧಾನ್ಯದ ದೊಡ್ಡ ಪಾಲನ್ನು ಪಡೆಯುವವನು ರೆಕ್ಟರನೆಂದೂ, ಅವನ ಮನೆ ರೆಕ್ಟರಿಯೆಂದೂ, ಚಿಲ್ಲರೆ ಪಾಲಿಗೆ ಮಾತ್ರ ಹಕ್ಕುಳ್ಳವನು ವಿಕಾರನೆಂದೂ ಹೆಸರಾದುವು. ನಮ್ಮ ಸೀಮೆಯಲ್ಲಿ ದೇವಸ್ಥಾನದ ಅರ್ಚಕನಿಗೆ ಬಿಟ್ಟ ಇನಾಮು ಜಮೀನನ್ನು ನೆನೆದುಕೊಂಡರೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ: ಹೊಲವೂ ಮನೆಯೂ ಪೂಜೆಗೆ ಸೇರಿದವು, ಪೂಜೆ ಮಾಡುವವನಿಗಲ್ಲ. ಪಾದ್ರಿ ಸತ್ತರೆ ಅವನ ಹೆಂಡತಿ ಮಕ್ಕಳು ಮನೆಯನ್ನು ತೆರವು ಮಾಡಿ ಹೊಸಬನಿಗೆ ಬಿಟ್ಟುಕೊಡಬೇಕಾಗುತ್ತಿತ್ತು. ಹೀಗೆ ವಾಸಿಸುವವನದಲ್ಲದ ಮನೆಯನ್ನು ದುರಸ್ತಿ ಮಾಡಿಸುವವರಾರು ಎಂಬ ತೊಡಕು ಬಹುಕಾಲ ಉಳಿದುಬಂದು, ಅನೇಕ ರೆಕ್ಟರಿಗಳು ಹುಲ್ಲುಮಾಡಿನ ಪಾಳುಗುಡಿಸಲುಗಳಾಗಿದ್ದುವು. 1777ರ ಸುಮಾರಿಗೆ ಬಂದ ಗಿಲ್ಬರ್ಟನ ಕಾಯಿದೆಯು ಪಾದ್ರಿಗಳಿಗೆ ಮುಂಬರುವ ಆದಾಯದ ಆಧಾರದ ಮೇಲೆ ಸಾಲವೆತ್ತಿ ಮನೆ ಕಟ್ಟಿಸಿಕೊಳ್ಳುವ ಅನುಕೂಲವನ್ನು ಕಲ್ಪಿಸಿತು. 1838ರ ಕಾನೂನು ಪಾದ್ರಿಯು ತನ್ನ ಊರಿನಲ್ಲಿಯೇ ವಾಸಿಸತಕ್ಕದ್ದೆಂಬುದನ್ನು ಬಿಗಿಮಾಡಿತು. ಇವೆರಡರ ಫಲವಾಗಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಮುಂದಕ್ಕೆ ಸಹಸ್ರಾರು ಹೊಸ ಮನೆಗಳು ಎದ್ದುವು.

ಈ ಮನೆಗಳಲ್ಲಿ ಮೊದಲಿನವು ಸಮಮಿತಿಯ ಸೌಮ್ಯ ಕಟ್ಟಡಗಳು: ನಡುವೆ ಬಾಗಿಲು, ಎಡಬಲಗಳಲ್ಲಿ ಮೇಲಕ್ಕೂ ಕೆಳಕ್ಕೂ ಸರಿಸುವ ಉದ್ದ ಕಿಟಕಿಗಳು, ಒಳಗೆ ನೇರವಾದ ನಡುಮನೆ, ಒಂದು ಪಕ್ಕಕ್ಕೆ ಊಟದ ಕೋಣೆ, ಇನ್ನೊಂದು ಪಕ್ಕಕ್ಕೆ ಪಾದ್ರಿಯ ಓದುಕೋಣೆ. ಆಳುಕಾಳುಗಳಿಗೆ ಹಿಂದಣ ಮೆಟ್ಟಲು ಬೇರೆ, ಮನೆಯವರಿಗೆ ಮುಂದಣ ಮೆಟ್ಟಲು ಬೇರೆ. 1840ರ ದಶಕದಲ್ಲಿ ಪ್ಯೂಜಿನ್, ಬಟರ್‌ಫೀಲ್ಡ್ ಮೊದಲಾದ ವಾಸ್ತುಶಿಲ್ಪಿಗಳು ಈ ಸಮಮಿತಿಯನ್ನು ಕೆಡವಿ, ಒಳಗಣ ಉಪಯೋಗಕ್ಕೆ ತಕ್ಕಂತೆ ಹೊರಗಣ ಗೋಡೆ ಏರಿಳಿಯಲಿ, ಕಿಟಕಿ ಬೇಕಾದೆಡೆ ಇರಲಿ, ಚರ್ಚಿನ ಕಮಾನು ಪಾದ್ರಿಯ ಮನೆಗೂ ಬರಲಿ ಎಂದು ಗಾಥಿಕ್ ಶೈಲಿಯನ್ನು ಎತ್ತಿಹಿಡಿದರು. ಇಪ್ಪತ್ತನೆಯ ಶತಮಾನದಲ್ಲಿ ಚರ್ಚಿನ ವರಮಾನ ಕುಗ್ಗಿ, ಇಂಥ ದೊಡ್ಡ ಮನೆಗಳನ್ನು ಬಿಸಿಯಾಗಿರಿಸುವುದೇ ಕಷ್ಟವಾದಾಗ, ಇವು ಒಂದೊಂದಾಗಿ ಮಾರಾಟವಾದುವು. ಇಂದು ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಓಲ್ಡ್ ರೆಕ್ಟರಿ’ ಎಂಬ ಫಲಕವುಳ್ಳ ಮನೆಯಲ್ಲಿ ಪಾದ್ರಿಯೊಬ್ಬರನ್ನು ಬಿಟ್ಟು ಮಿಕ್ಕ ಯಾರಾದರೂ ಇರಬಹುದು. ಕವಿ ಟೆನಿಸನ್ 1809ರಲ್ಲಿ ಹುಟ್ಟಿದ ಸಾಮರ್ಸ್‌ಬಿಯ ರೆಕ್ಟರಿ ಈಗ ಖಾಸಗಿ ವಾಸಗೃಹ. ಬ್ರಾಂಟಿ ಸಹೋದರಿಯರ ಹಾವರ್ತ್ ಮನೆ 1928ರಿಂದ ವಸ್ತುಸಂಗ್ರಹಾಲಯ.

ಗ್ಯಾರೆಟ್ ಸೇರಿದ್ದ ವೆಸ್ಲಿಯನ್ ಪಂಥಕ್ಕೂ ಒಂದು ರೆಕ್ಟರಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿ ಹುಟ್ಟಿದುದು ಲಿಂಕನ್‌ಷೈರಿನ ಎಪ್‌ವರ್ತ್ ಎಂಬ ಊರಿನ ರೆಕ್ಟರಿಯಲ್ಲಿ. 1709ರಲ್ಲಿ ಆ ಮನೆಗೆ ಬೆಂಕಿ ಬಿದ್ದು, ಐದು ವರ್ಷದ ಬಾಲಕನನ್ನು ಮೇಲಂತಸ್ತಿನ ಕಿಟಕಿಯಿಂದ ಹೊರಗೆಳೆದು ಉಳಿಸಿದರು. ಅವನ ತಂದೆ ಅದೇ ನಿವೇಶನದಲ್ಲಿ ಇಟ್ಟಿಗೆಯ ಮನೆಯನ್ನು ಎಬ್ಬಿಸಿದ. ಹೀಗೆ ಉರಿಯುವ ಮನೆಯಿಂದ ಪಾರಾದ ಹುಡುಗ ದೊಡ್ಡವನಾಗಿ ಮನೆಯ ಮಮತೆಯನ್ನೇ ತೊರೆದು ಕುದುರೆಯೇರಿ ಊರೂರು ಸುತ್ತಿ ಬೋಧಿಸಿದನು. ಅವನ ಅನುಯಾಯಿಗಳಲ್ಲಿ ಬೋಧಕರನ್ನು ಕೆಲವೇ ವರ್ಷಗಳಿಗೊಮ್ಮೆ ಊರಿಂದೂರಿಗೆ ಬದಲಾಯಿಸುವ ಪದ್ಧತಿ ನೆಲೆಯಾಯಿತು. ಅಂಥವರಲ್ಲೊಬ್ಬನು ಪರದೇಶದಲ್ಲಿ ತನ್ನದೇ ಎಂಬ ಮನೆಗೆ, ಅದೂ ಕೊತ್ತಳಗಳ ಮನೆಗೆ, ಅಡಿಗಲ್ಲಿಟ್ಟದ್ದು ವಿನೋದವೆನಿಸಿದರೆ ಆಶ್ಚರ್ಯವಿಲ್ಲ.

ಕರ್ನಾಟಕದಲ್ಲಿ ಪಾದ್ರಿಗಳ ಮನೆ ಬೇರೊಂದು ದಾರಿ ಹಿಡಿದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆಯೂರಿದುದು ಬಳ್ಳಾರಿಯಲ್ಲಿ; ಅರಮನೆಯ ಮಗ್ಗುಲಿನ ರಸ್ತೆ ಹೆಬ್ಬಾಳವನ್ನು ದಾಟಿ ಯಲಹಂಕದ ಮೇಲೆ ಹಾಯ್ದು ಹೋಗುವುದು ಹೆಸರಿಗಾದರೂ ಆ ಊರಿಗೇ. ಬೆಂಗಳೂರಿನ ದಂಡುಪ್ರದೇಶ 1809ರಲ್ಲಿ ಸ್ಥಾಪಿತವಾದ ಬಳಿಕ, 1820ರಲ್ಲಿ ಲಂಡನ್ ಮಿಷನ್ನಿನವರೂ ಮರುವರ್ಷ ವೆಸ್ಲಿಯನ್ನರೂ ಇಲ್ಲಿಗೆ ಬಂದರು. ಇವರ ‘ಮಿಷನ್ ಬಂಗಲೆ’ಯು ಸೈನ್ಯಾಧಿಕಾರಿಯ ಬಂಗಲೆಯ ಪಡಿಯಚ್ಚು: ಎತ್ತರದ ಜಗಲಿ, ಸುತ್ತಲೂ ಅಥವಾ ಮುಂದುಗಡೆಯಲ್ಲಾದರೂ ವರಾಂಡ, ನಡುವಿನ ಎತ್ತರವಾದ ಹಜಾರದ ನಾಲ್ಕು ಮೂಲೆಗೆ ನಾಲ್ಕು ಕೋಣೆ, ಅಡಿಗೆಮನೆ ಹಿತ್ತಿಲಲ್ಲಿ ಪ್ರತ್ಯೇಕ. ಗೋಡೆ ಸುಟ್ಟ ಇಟ್ಟಿಗೆಯದಾಗಲಿ ಮಣ್ಣಿನದಾಗಲಿ ಮೇಲೆ ಗಾರೆಯ ನುಣುಪು. ಮಾಡು ಸಾಗುವಾನಿ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಸುಣ್ಣ ಹಾಕಿದ ಮದ್ರಾಸ್ ತಾರಸಿ, ಇಲ್ಲವೆ ಹೆಂಚು. ಹೆಂಚಿನ ವಿಷಯದಲ್ಲಿ ಪಾದ್ರಿಗಳ ಋಣ ದೊಡ್ಡದು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೂಡಿದ ಕಾರ್ಖಾನೆಯ ಕೆಂಪು ಹೆಂಚು ಮುಂದಣ ಐವತ್ತು ವರ್ಷಗಳಲ್ಲಿ ಹುಲ್ಲುಮಾಡುಗಳನ್ನೂ ನಾಡಹೆಂಚನ್ನೂ ಹಿಮ್ಮೆಟ್ಟಿಸಿ, ಚರ್ಚು ಬಂಗಲೆ ಶಾಲೆ ರೈಲ್ವೆನಿಲ್ದಾಣಗಳೆನ್ನದೆ ಎಲ್ಲ ಮಾಡುಗಳನ್ನೂ ಆಳಿತು. ಬೆಂಗಳೂರಿನವರು ಇದಕ್ಕೆ ಇನ್ನೊಂದು ಅಲಂಕಾರವನ್ನು ಸೇರಿಸಿದರು. ಕಿಟಕಿ ವರಾಂಡಗಳ ಮೇಲೆ ಮರದ ಪಟ್ಟಿಗಳನ್ನು ನಿಲುವಾಗಿ ಜೋಡಿಸಿ ಚೂಪುಮಾಡಿನಂತೆ ಇಳಿಬಿಟ್ಟ ಈ ಮುಸುಕಿಗೆ ಇಲ್ಲಿಯ ಬಾಯಲ್ಲಿ ‘ಮಂಕಿ ಟಾಪ್’ ಎಂದೇ ಹೆಸರು. ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯ ಸುತ್ತ, 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಆರ್ಚ್‌ಬಿಷಪ್ಪರ ನಿವಾಸ ಇವೆಲ್ಲ ಇರುವ ಭಾಗದಲ್ಲಿ ನಡೆದಾಡಿದವರಿಗೆ ಪಾದ್ರಿಗಳ ಬೆಂಗಳೂರು ಇನ್ನೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ.

ಗ್ಯಾರೆಟ್ ಕಟ್ಟಿಸಿದುದು ಇಂಥ ಬಂಗಲೆಯನ್ನಲ್ಲ. ಆತನು ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ ಮುದ್ರಣಾಲಯವನ್ನು ನಡೆಯಿಸಿ, ಸಂಸ್ಕೃತ ಕನ್ನಡ ಇಂಗ್ಲಿಷುಗಳನ್ನು ಮೂರು ಅಂಕಣಗಳಲ್ಲಿ ಜೋಡಿಸಿದ ಭಗವದ್ಗೀತೆಯನ್ನು 1840ರ ದಶಕದಲ್ಲಿ ಹೊರತಂದವನು. ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಏರ್ಪಟ್ಟ ತರುವಾಯ ಸರ್ಕಾರದ ಸೇವೆಗೆ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಪ್ರೌಢಶಾಲೆಯ ಮೊದಲ ಮುಖ್ಯಸ್ಥನೂ ಅನಂತರ ವಿದ್ಯಾ ಇಲಾಖೆಯ ನಿರ್ದೇಶಕನೂ ಆದನು. ಹಿಂದೂ ಪುರಾಣ ಶಾಸ್ತ್ರಗಳ ಕೋಶವೊಂದನ್ನು 1871ರಲ್ಲಿ ಪ್ರಕಟಿಸಿದನು. ಎಂದಮೇಲೆ 1862ರಲ್ಲಿ ಮನೆಯನ್ನು ಕಟ್ಟಹೊರಟ ಗ್ಯಾರೆಟ್ ಹೆಸರಿನ ಹಿಂದೆ ರೆವರೆಂಡ್ ಎಂದಿದ್ದರೂ ಸಂಬಳದ ಸರ್ಕಾರಿ ಅಧಿಕಾರಿ. ಆದುದರಿಂದ ಇದನ್ನು ಕರಾರುವಾಕ್ಕಾಗಿ ರೆಕ್ಟರಿಯೆನ್ನಲಾಗದು. ಇದು ಚರ್ಚಿನ ಸ್ವತ್ತಾಗಿರಲಿಲ್ಲ. ಮನೆಯ ಹಂಬಲ ಮಾತ್ರ ರೆಕ್ಟರಿಯದು: ಹಸಿರು ಹುಲ್ಲು, ದೊಡ್ಡ ಮರ, ಕಲ್ಲುಗೋಡೆ, ಗೋಪುರ, ಎತ್ತರದ ಓದುಕೋಣೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಊರಿನ ತಂಪು ಇಂಥ ಹಂಬಲಕ್ಕೆ ಒತ್ತಾಸೆಯಾಯಿತು. ಇಲ್ಲಿಯ ಅನೇಕ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯ ಗೂಡೂ ಹೊಗೆಗೊಳವೆಯೂ ಇರುವುದನ್ನು ಕಂಡ ಬಯಲುಸೀಮೆಯವರು ನಗುತ್ತಾರೆ. ಪುಷ್ಯಮಾಸದ ಬೆಳಗ್ಗೆ ಹೆಬ್ಬಾಳದ ಕೆರೆಯ ಮೇಲಿನ ಮಂಜನ್ನು ನೋಡಿದವರು ನಗುವುದಿಲ್ಲ.

ಕಟ್ಟಡದ ಶೈಲಿಯನ್ನು ಸಾಮಾನ್ಯವಾಗಿ ಟ್ಯೂಡರ್ ಎನ್ನುವರು. ಎಂದರೆ 1485ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ವಂಶದ ಕಾಲದ ಕಟ್ಟಡಗಳ ಅನುಕರಣೆ. ಮುಂಭಾಗದಲ್ಲಿ ಗುಂಡಗೂ ಚೌಕವಾಗಿಯೂ ಇರುವ ಬುರುಜುಗಳು, ಅವುಗಳ ನೆತ್ತಿಯಲ್ಲಿ ಕೋಟೆಯ ತೆನೆಗಳು, ನಡುವೆ ಬಂಡಿ ನಿಲ್ಲುವ ಪೋರ್ಟಿಕೊ, ಬೂದುಬಣ್ಣದ ಕಲ್ಲಿನ ಗೋಡೆಗಳ ಮೇಲೆ ಹಬ್ಬಿಸಿದ ಹಸಿರು ಬಳ್ಳಿ. ಇದನ್ನು ವಿಂಡ್ಸರ್ ಕೋಟೆಯ ಮಾದರಿಯೆನ್ನುವ ವಾಡಿಕೆಯೂ, ಮಹಾರಾಜರು ಇಂಗ್ಲೆಂಡಿಗೆ ಹೋಗಿ ವಿಂಡ್ಸರನ್ನು ಕಂಡು ಬೆರಗಾಗಿ ಬಂದು ಕಟ್ಟಿಸಿದರೆಂಬ ಕಥೆಯೂ ಪ್ರಚಾರದಲ್ಲಿವೆ. ಕಥೆಯಲ್ಲಿ ಹುರುಳಿಲ್ಲ. ಕ್ರಯವಾದಾಗ ಚಾಮರಾಜೇಂದ್ರ ಒಡೆಯರಿಗೆ ಹತ್ತು ವರ್ಷ. ಬುನಾದಿ ಬಿದ್ದಾಗ ಅವರಿನ್ನೂ ಹುಟ್ಟಿರಲೇ ಇಲ್ಲ. ವಿಂಡ್ಸರಿನ ಹೋಲಿಕೆಯಲ್ಲಾದರೆ ಜನರು ನೆನೆಯುವುದಕ್ಕಿಂತ ಹೆಚ್ಚಿನ ಸತ್ಯವಿದೆ. ಹನ್ನೊಂದನೆಯ ಶತಮಾನದಲ್ಲಿ ಆರಂಭವಾದ ಆ ಕೋಟೆಯ ಈಗಣ ಚಿತ್ರಸದೃಶ ರೂಪವು ಬಹುಮಟ್ಟಿಗೆ 1820ರ ದಶಕದಲ್ಲಿ ವಯಟ್‌ವಿಲ್ ಎಂಬ ಶಿಲ್ಪಿಯು ನಾಲ್ಕನೆಯ ಜಾರ್ಜನಿಗಾಗಿ ತೊಡಿಸಿದ ವೇಷ. ದುಂಡುಗೋಪುರವನ್ನು ಇನ್ನಷ್ಟು ಎತ್ತರಿಸಿದವನೂ ಅವನೇ. ಇಂಗ್ಲೆಂಡಿನ ದೊರೆಯೇ ಹಳೆಯ ಕೋಟೆಯ ವೇಷ ಹಾಕುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಪಾದ್ರಿಯೊಬ್ಬನು ಅದೇ ವೇಷವನ್ನು ತೊಟ್ಟನೆಂದರೆ ತಪ್ಪೇನು? ತೆನೆಗಳೆಂಬುವು ಬಿಲ್ಲಾಳುಗಳು ಮರೆಯಾಗಿ ನಿಂತು ಬಾಣ ಬಿಡುವುದಕ್ಕೆ ಮಾಡಿದ ಸಂದುಗಳು. ಬೆಂಗಳೂರಿನ ಹಳೆಯ ಕೋಟೆಗೂ ದೇವನಹಳ್ಳಿಯ ಕೋಟೆಗೂ ಅವುಗಳಿಂದ ಕೆಲಸವಿತ್ತು. ಇಲ್ಲಿಯ ತೆನೆಗಳ ಹಿಂದೆ ಪಾರಿವಾಳಗಳು ಮಾತ್ರ ಕಾವಲಿವೆ.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅವರ ದತ್ತಪುತ್ರ ಚಾಮರಾಜೇಂದ್ರರು ಐದು ವರ್ಷದ ಮಗು. ರಾಜ್ಯಭಾರವು 1831ರಿಂದಲೂ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. ಬಾಲಕನ ಶಿಕ್ಷಣವನ್ನು ನೋಡಿಕೊಳ್ಳಲು ಇತಿಹಾಸಕಾರನಾಗಿಯೂ ಹೆಸರಾದ ಕರ್ನಲ್ ಮ್ಯಾಲಿಸನ್ 1869ರಲ್ಲಿ ಪೋಷಕಾಧಿಕಾರಿಯಾಗಿ ನೇಮಕನಾದನು. ಆಡಳಿತವೆಲ್ಲ ಬೆಂಗಳೂರಿನಲ್ಲಿದ್ದುದರಿಂದ ಬಾಲದೊರೆಗೂ ಇಲ್ಲೊಂದು ಮನೆ ಬೇಕೆಂದು ಗ್ಯಾರೆಟ್ಟನ ಸೌಧವನ್ನು 1873ರಲ್ಲಿ 40,000 ರೂಪಾಯಿಗೆ ಕೊಂಡರು. ಹಣವು ರಾಜ್ಯದ ಬೊಕ್ಕಸದ್ದಲ್ಲ, ಮಹಾರಾಜರ ಸ್ವಂತ ನಿಧಿಯದು. ಈ ಸಣ್ಣ ವಿವರವನ್ನು ಓದುಗರು ಮನಸ್ಸಿನಲ್ಲಿಟ್ಟಿರಬೇಕು. ಇದಕ್ಕೆ ವಿಪರ್ಯಾಸವೆಂಬಂತೆ, ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸ್ವಂತಕ್ಕೆ ಕಟ್ಟಿಸಿದ ಮನೆಯು ಸರ್ಕಾರಿ ನಿವಾಸವಾಗಿ ಇಂದು ರಾಜಭವನವೆನಿಸಿಕೊಂಡಿದೆ.

ಅರಮನೆಯ ಒಳಭಾಗವು 35 ಕೋಣೆಗಳನ್ನೂ ಸುಮಾರು 45,000 ಚದರ ಅಡಿಯ ವಿಸ್ತೀರ್ಣವನ್ನೂ ಹೊಂದಿದ್ದು, ಕೋಣೆಗಳಲ್ಲಿ ಬಹುಪಾಲು ಮಲಗುವ ಕೋಣೆಗಳೇ. ಪ್ರವೇಶದಿಂದ ಮೇಲಂತಸ್ತಿಗೆ ಚಿತ್ರಾಲಂಕಾರದ ಮೆಟ್ಟಲು. ಅದರ ಬಳಿ ಗೋಡೆಗೆ ನೆಟ್ಟ ಆನೆಯ ತಲೆ, ಬಂದವರನ್ನೆಲ್ಲ ಗಾಜುಗಣ್ಣಿನಿಂದ ವಿಚಾರಿಸುತ್ತದೆ. ಮೇಲಿನ ದರ್ಬಾರು ಹಜಾರವೇ ಮನೆಯ ಮುಖ್ಯಾಂಗ. ಒಂದು ಪಕ್ಕಕ್ಕೆ ಚರ್ಚಿನ ರೀತಿಯ ಗಾಥಿಕ್ ಕಿಟಕಿಗಳು. ಅವುಗಳ ಬಣ್ಣದ ಗಾಜಿನಿಂದಿಳಿದ ಬೆಳಕು, ಗೋಡೆಯ ಹಳದಿ ಬಣ್ಣ, ಅದೇ ಹಳದಿಯ ಆಸನಗಳು ಸೇರಿ ಮೋಡದ ದಿನದಲ್ಲಿಯೂ ಇಲ್ಲಿ ಸಂಜೆಯ ಬಿಸಿಲಿರುವಂತೆ ಭ್ರಮೆಯಾಗುತ್ತದೆ. ಹಜಾರದ ಇನ್ನೊಂದು ಭಾಗದಲ್ಲಿ ರಾಣಿವಾಸದವರು ಕುಳಿತು ಸಭೆಯನ್ನು ನೋಡಲು ಮರೆಯೊಂದನ್ನು ಏರ್ಪಡಿಸಿದೆ. ಚರ್ಚಿನ ಕಿಟಕಿಯ ಎದುರಿಗೆ ಅಂತಃಪುರದ ತೆರೆ: ಪಾದ್ರಿಯ ಕನಸೂ ರಾಜಮನೆತನದ ನಡಾವಳಿಯೂ ಒಂದೇ ಮಾಳಿಗೆಯ ಕೆಳಗೆ ಮುಖಾಮುಖಿಯಾದುದನ್ನು ಇಷ್ಟು ಸ್ಫುಟವಾಗಿ ತೋರುವ ಜಾಗ ಈ ಮನೆಯಲ್ಲಿ ಬೇರೊಂದಿಲ್ಲ.

ಕೆಳಗಣ ಅಂತಸ್ತಿನಲ್ಲಿ ಆಕಾಶಕ್ಕೆ ತೆರೆದ ಅಂಗಳವುಂಟು. ಇಂಗ್ಲೆಂಡಿನ ರೆಕ್ಟರಿಯಲ್ಲಿ ಇದಕ್ಕೆ ಎಡೆಯಿಲ್ಲ. ಅಲ್ಲಿಯ ಮಳೆಗೂ ಹಿಮಕ್ಕೂ ಮನೆಯ ನಡುವೆ ತೆರಪು ಬಿಡುವುದು ಅವಿವೇಕ. ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಬೆಳೆದವರಿಗಾದರೋ ತೊಟ್ಟಿಯಿಲ್ಲದ ಮನೆಯೇ ಉಸಿರುಕಟ್ಟುವ ಮನೆ. ಅಂಗಳದಲ್ಲಿ ಕಣಶಿಲೆಯ ಆಸನಗಳಿದ್ದು ಅವುಗಳ ಮೇಲೆ ಹೊಳೆಯುವ ನೀಲಿ ಪಿಂಗಾಣಿ ಬಿಲ್ಲೆಗಳನ್ನು ಹಚ್ಚಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಆ ಬಿಲ್ಲೆಗಳ ಮೇಲೆ ಅಂಗೈಯಿಟ್ಟರೆ ಬಾವಿಯ ನೀರನ್ನು ಮುಟ್ಟಿದಷ್ಟು ತಂಪು. ತಲೆಯೆತ್ತಿದರೆ ಕಮಾನುಗಳ ಮೇಲೆ ಚೌಕವಾದ ಆಕಾಶ. ನೃತ್ಯಶಾಲೆಯೊಂದು ಇದೇ ಅಂತಸ್ತಿನಲ್ಲಿದೆ. ರವಿವರ್ಮನ ಚಿತ್ರಗಳೂ ಸೇರಿದ ವರ್ಣಚಿತ್ರಸಂಗ್ರಹ, ವಿಕ್ಟೋರಿಯಾ ಕಾಲದ ಪೀಠೋಪಕರಣಗಳು, ಇಂಗ್ಲೆಂಡಿನಿಂದ ತರಿಸಿದ ಕನ್ನಡಿಗಳು, ಕೈಯಿಂದ ಎಳೆದು ನಡೆಯಿಸುವ ಲಿಫ್ಟು, ಜನರಲ್ ಎಲೆಕ್ಟ್ರಿಕ್ ಕಂಪನಿಯ ಮರದ ರೆಕ್ಕೆಯ ಪಂಖಗಳು ಕಾಲಕಾಲಕ್ಕೆ ಬಂದು ಸೇರಿದುವು. ಇವುಗಳಲ್ಲಿ ಎಲ್ಲವೂ ಉತ್ತಮ ಅಭಿರುಚಿಯವಲ್ಲ. ಆನೆಯ ಕಾಲನ್ನು ಮೋಡಾವನ್ನಾಗಿ ಮಾಡಿದ ಕಾಲದ ರುಚಿಯನ್ನು ಇಂದು ಹೊಗಳುವವರು ವಿರಳ.

1897ರಲ್ಲಿ ಬೆಂಕಿಗೆ ಆಹುತಿಯಾದ ಮರದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ನನು 1912ರ ವೇಳೆಗೆ ಕಟ್ಟಿಮುಗಿಸಿದ ಮೈಸೂರಿನ ಅರಮನೆಯೊಡನೆ ಇದನ್ನು ಹೋಲಿಸಿದರೆ ಎರಡರ ಸ್ವಭಾವಭೇದ ತಿಳಿಯುವುದು. ಮೈಸೂರಿನದು ದಸರೆಯ ಜನಸಾಗರಕ್ಕೆ ಎದುರಾಗಿ ನಿಂತ ರಂಗಸ್ಥಳ; ಅದು ರಾಜತ್ವದ ಮನೆ. ಬೆಂಗಳೂರಿನದು ರಾಜರ ಮನೆ. ಇಲ್ಲಿ ಮೆರವಣಿಗೆಗೆ ಹೆಬ್ಬಾಗಿಲಿಲ್ಲ, ಜನರಿಗೆ ಚಾವಡಿಯಿಲ್ಲ. ತೋಟದ ನಡುವೆ ಹಾದು ಬಂದ ಗಾಡಿ ಪೋರ್ಟಿಕೊದಲ್ಲಿ ನಿಂತರೆ ಸಾಕು. ತೋಟವನ್ನು ರೂಪಿಸಿದವನು ಲಾಲ್‌ಬಾಗಿನ ಅಧೀಕ್ಷಕನಾಗಿದ್ದ ಜಾನ್ ಕ್ಯಾಮರನ್. ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ಕೊನೆಯುಸಿರೆಳೆದುದು ಈ ಮನೆಯಲ್ಲಿಯೇ.

ಸಂಸ್ಥಾನಗಳು ವಿಲೀನವಾಗುವಾಗ ದೊರೆಗೆ ಸೇರಿದುದಾವುದು, ರಾಜ್ಯಕ್ಕೆ ಸೇರಿದುದಾವುದು ಎಂದು ಪಟ್ಟಿಯಾಗಬೇಕಾಯಿತು. ಇಂಗ್ಲೆಂಡಿನ ರೆಕ್ಟರಿಯ ಹಳೆಯ ಪ್ರಶ್ನೆಯೇ ಇಲ್ಲಿ ಬೇರೆ ವಸ್ತ್ರದಲ್ಲಿ ಬಂದು ನಿಂತಿತು. 1950ರ ಜನವರಿಯ ಒಪ್ಪಂದದಲ್ಲಿ ಬೆಂಗಳೂರು ಅರಮನೆಯನ್ನು ಜಯಚಾಮರಾಜ ಒಡೆಯರ ಖಾಸಗಿ ಸ್ವತ್ತೆಂದು ಒಪ್ಪಲಾಯಿತು. ಅರಮನೆಯ ತೋಪುಗಳ ಒಂದು ಭಾಗ ಅದಕ್ಕೆ ಮೊದಲೂ ಆಮೇಲೂ ಬಡಾವಣೆಗಳಾಗಿ, ಸದಾಶಿವನಗರವನ್ನು ಹಳಬರು ಈಗಲೂ ‘ಪ್ಯಾಲೇಸ್ ಆರ್ಚರ್ಡ್ಸ್’ ಎನ್ನುವುದುಂಟು. 1996ರಲ್ಲಿ ರಾಜ್ಯ ವಿಧಾನಮಂಡಲವು ಅರಮನೆಯನ್ನೂ 472 ಎಕರೆ 16 ಗುಂಟೆ ನೆಲವನ್ನೂ 11 ಕೋಟಿ ರೂಪಾಯಿ ಪರಿಹಾರಕ್ಕೆ ವಶಪಡಿಸಿಕೊಳ್ಳುವ ಅಧಿನಿಯಮವನ್ನು ಮಾಡಿತು. ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮನೆತನದವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು ದಶಕಗಳನ್ನು ದಾಟಿತು, ಸ್ವಾಧೀನವು ಮನೆತನದ ಕೈಯಲ್ಲಿಯೇ ಉಳಿಯಿತು. ನೆಲವನ್ನು ಸಾರ್ವಜನಿಕರ ಉಸಿರುದಾಣವಾಗಿ ಉಳಿಸಬೇಕೆಂಬ ವಾದದಲ್ಲಿ ತಿರುಳಿದೆ. ಮಹಾರಾಜನ ಸ್ವಂತ ಹಣದಿಂದ ಕೊಂಡ ಪಾದ್ರಿಯ ಮನೆಗೆ ಅದರ ಬೆಲೆಯನ್ನು ಸರಿಯಾಗಿ ಕೊಡಿ ಎಂಬ ಪ್ರತಿವಾದದಲ್ಲಿಯೂ ತಿರುಳಿದೆ. ಈ ಲೇಖಕನ ಮಟ್ಟಿಗೆ ಎರಡನೆಯದಕ್ಕೆ ತೂಕ ತುಸು ಹೆಚ್ಚು.

ಈ ನಡುವೆ ಮೈದಾನವು ಮದುವೆಗೂ ವಸ್ತುಪ್ರದರ್ಶನಕ್ಕೂ ಗಾನಮೇಳಕ್ಕೂ ಬಾಡಿಗೆಗೆ ಸಲ್ಲುತ್ತ, 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವೂ 2011ರಲ್ಲಿ ಮೆಟಾಲಿಕಾ ತಂಡವೂ ಇಲ್ಲಿ ಹಾಡಿದುವು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ ಬೇಕಾದ 15 ಎಕರೆ 39 ಗುಂಟೆಯ ಬೆಲೆಯ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಲೇರಿತು. ಮೇಖ್ರಿ ವೃತ್ತದ ಕಡೆಯಿಂದ ವಿಮಾನನಿಲ್ದಾಣಕ್ಕೆ ಧಾವಿಸುವ ಕಾರುಗಳು ಕೆಂಪುದೀಪಕ್ಕೆ ನಿಂತಾಗ, ಕಾಂಪೌಂಡಿನ ಮರಗಳ ಎಲೆ ಉದುರುವ ಮಾಘ ಫಾಲ್ಗುಣಗಳಲ್ಲಿ ಮಾತ್ರ, ಗ್ಯಾರೆಟ್ಟನ ಬುರುಜಿನ ತುದಿ ಒಂದು ಗಳಿಗೆ ಕಾಣಬಹುದೋ ಎಂದು ಕಣ್ಣು ಹುಡುಕುತ್ತದೆ. ಅಷ್ಟರಲ್ಲಿ ಹಸಿರುದೀಪ ಬೀಳುತ್ತದೆ.